ತಾರ್ತಾರರ ಮರುಭೂಮಿ: ವೈರಿ ಬರಲಿ ಅಂತ ಕಾಯುವವರ ಸಿನಿಮಾ

ಮೊದಲೇ ಹೇಳಿಬಿಡುತ್ತೇನೆ, ಇದು ಯುದ್ಧದ ಸಿನಿಮಾ ಅಲ್ಲ. ಕುದುರೆ ಇದೆ, ಕತ್ತಿ ಇದೆ, ಕೋಟೆ ಇದೆ, ಮಿರಿಮಿರಿ ಮಿಂಚುವ ಬೂಟುಗಳಿವೆ. ಯುದ್ಧ ಮಾತ್ರ ಇಲ್ಲ. ಎರಡೂಕಾಲು ಗಂಟೆಗೂ ಜಾಸ್ತಿ ಹೊತ್ತು ಸೈನಿಕರು ಗೋಡೆ ಮೇಲೆ ನಿಂತು ಮರಳು ನೋಡುತ್ತಾರೆ, ನಾವು ಅವರನ್ನು ನೋಡುತ್ತೇವೆ. ಗುಂಡಿನ ಸದ್ದು ಬೇಕು ಅನ್ನುವವರು ಇಲ್ಲಿಗೇ ನಿಲ್ಲಿಸಿ ಬೇರೆ ಏನಾದರೂ ಹಾಕಿಕೊಳ್ಳಿ. ಬೇಜಾರಿಲ್ಲ.

'ತಾರ್ತಾರರ ಮರುಭೂಮಿ' 1976ರ ಸಿನಿಮಾ. ನಿರ್ದೇಶಕ ಇಟಲಿಯ ವಲೇರಿಯೊ ಜುರ್ಲಿನಿ. ಇದೇ ಅವರ ಕೊನೆಯ ಚಿತ್ರ, 1982ರಲ್ಲಿ ತೀರಿಕೊಂಡರು. ಕತೆ ದೀನೊ ಬುಜ್ಜಾತಿ ಅವರ 1940ರ ಕಾದಂಬರಿಯದು. ಬುಜ್ಜಾತಿ ಮಿಲಾನ್ ಊರಿನ ಒಂದು ದೊಡ್ಡ ಪತ್ರಿಕೆಯಲ್ಲಿ ಜೀವನಪೂರ್ತಿ ಕೆಲಸ ಮಾಡಿದವರು. ದಿನಾ ರಾತ್ರಿ ಪಾಳಿ, ಅದೇ ಟೇಬಲ್ಲು, ಅದೇ ಸುದ್ದಿ, ವಯಸ್ಸು ಮಾತ್ರ ಜಾರುತ್ತಿದೆ. ಈ ಕಾದಂಬರಿ ಹುಟ್ಟಿದ್ದು ಆ ಬೇಸರದಿಂದಲೇ ಅಂತ ಅವರೇ ಹೇಳಿದ್ದಾರೆ. ಅಂದರೆ ಇದು ಮೂಲದಲ್ಲಿ ಆಫೀಸಿನ ಕತೆ, ಅದಕ್ಕೆ ಮಿಲಿಟರಿ ಡ್ರೆಸ್ ಹಾಕಿದ್ದಾರೆ ಅಷ್ಟೇ. ನನಗೆ ಇದು ಮುಖ್ಯ ಅನಿಸುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಕತೆ ಒಂದು ಅಂಗೈಯಲ್ಲಿ ಹಿಡಿಯುವಷ್ಟು. ಡ್ರೋಗೊ ಅನ್ನುವ ಹರೆಯದ ಲೆಫ್ಟಿನೆಂಟ್‌ಗೆ ಮೊದಲ ಪೋಸ್ಟಿಂಗ್ ಬರುತ್ತದೆ. ಗಡಿಯ ತುದಿಯ ಒಂದು ಕೋಟೆ, ಅದರಾಚೆ ಬರೀ ಮರುಭೂಮಿ. ಎಂದೋ ಒಂದು ದಿನ ಆ ಕಡೆಯಿಂದ ತಾರ್ತಾರರು ಅನ್ನುವ ವೈರಿ ಬರುತ್ತಾನಂತೆ. ಯಾರೂ ಸರಿಯಾಗಿ ನೋಡಿಲ್ಲ. ಡ್ರೋಗೊಗೆ ಬಂದ ದಿನವೇ ವಾಪಸ್ ಹೋಗಬೇಕು ಅನಿಸುತ್ತದೆ. ನಾಲ್ಕು ತಿಂಗಳು ತಡೆಯಪ್ಪಾ, ಡಾಕ್ಟರ ಸರ್ಟಿಫಿಕೇಟ್ ಮೇಲೆ ಕಳಿಸೋಣ ಅನ್ನುತ್ತಾರೆ. ನಾಲ್ಕು ತಿಂಗಳು ಕಳೆಯುತ್ತದೆ. ಅವನು ಹೋಗುವುದಿಲ್ಲ. ಆಮೇಲೆ ಹೋಗಬೇಕು ಅಂದರೂ ಹೋಗಲು ಆಗುವುದಿಲ್ಲ. ಕೊನೆಗೂ ವೈರಿ ಬಂದಾಗ ಇವನು ಕಾಯಿಲೆ ಬಿದ್ದು ಎದ್ದು ನಿಲ್ಲಲಾರದ ಸ್ಥಿತಿಯಲ್ಲಿರುತ್ತಾನೆ, ಗಾಡಿಯಲ್ಲಿ ಹಾಕಿ ಹಿಂದಕ್ಕೆ ಕಳಿಸಿಬಿಡುತ್ತಾರೆ. ಕೊನೆ ಹೇಳಿಬಿಟ್ಟೆ ಅಂತ ಬೈಯಬೇಡಿ. ಕೊನೆ ಗೊತ್ತಿದ್ದು ನೋಡಿದರೆ ಈ ಸಿನಿಮಾ ಇನ್ನೂ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ಆಗ 'ಮುಂದೇನು' ಅನ್ನುವ ಆತುರ ಇರುವುದಿಲ್ಲ.

ಈಗ ಕೋಟೆ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡಬೇಕು, ಯಾಕೆಂದರೆ ಈ ಸಿನಿಮಾದ ನಿಜವಾದ ಹೀರೋ ಅದೇ. ಚಿತ್ರೀಕರಣ ನಡೆದದ್ದು ಇರಾನಿನ ಬಮ್ ಅನ್ನುವ ಊರಿನ ಹಳೇ ಕೋಟೆಯಲ್ಲಿ. ಕಲ್ಲಿನ ಕೋಟೆ ಅಲ್ಲ. ಹಸಿ ಇಟ್ಟಿಗೆ, ಮಣ್ಣು, ಹುಲ್ಲು, ಅಷ್ಟೇ. ಜಗತ್ತಿನಲ್ಲೇ ಅತಿ ದೊಡ್ಡ ಮಣ್ಣಿನ ಕಟ್ಟಡ ಅಂತ ಅದಕ್ಕೆ ಹೆಸರು. ಮೇಲೆ ಬುರುಜುಗಳು, ಕೆಳಗೆ ಜನ ಬಿಟ್ಟುಹೋದ ಓಣಿಗಳು, ಮಾಳಿಗೆ ಹಾರಿದ ಮನೆಗಳು. ಛಾಯಾಗ್ರಾಹಕ ಲುಚಿಯಾನೊ ತೊವೊಲಿ ಅದನ್ನು ಬೆಳಿಗ್ಗೆ ಒಂದು ಬಣ್ಣದಲ್ಲಿ, ಇಳಿಹೊತ್ತಿನಲ್ಲಿ ಇನ್ನೊಂದು ಬಣ್ಣದಲ್ಲಿ ತೋರಿಸುತ್ತಾರೆ. ಒಮ್ಮೆ ಅರಿಶಿನ, ಒಮ್ಮೆ ಬೂದಿ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದ ನನ್ನಂಥವರಿಗೆ ಕೋಟೆ ಅಂದರೆ ಕಂದಕ, ಪಾಚಿ, ಮಳೆಗೆ ಕಪ್ಪಾದ ಕಲ್ಲು. ನಮ್ಮ ಕೋಟೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುತ್ತಲೇ ಇರುತ್ತದೆ. ಇಷ್ಟು ಒಣಗಿದ ಕೋಟೆಯನ್ನು ಅಷ್ಟು ಹೊತ್ತು ನೋಡುವಾಗ ಬಾಯಾರಿಕೆ ಆಗುತ್ತದೆ, ಸುಳ್ಳಲ್ಲ.

ಇನ್ನೊಂದು ವಿಷಯ. 2003ರ ಡಿಸೆಂಬರ್ 26ರಂದು ಬಮ್‌ನಲ್ಲಿ ಭೂಕಂಪ ಆಯಿತು. ಸತ್ತವರು 26 ಸಾವಿರಕ್ಕೂ ಹೆಚ್ಚು. ಮಣ್ಣಿನ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಕೋಟೆಯ ಬಹುಪಾಲು ನೆಲಕ್ಕೆ ಬಿತ್ತು. ಮುಂದಿನ ವರ್ಷ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು, ರಿಪೇರಿ ಕೆಲಸ ವರ್ಷಗಟ್ಟಲೆ ನಡೆಯಿತು. ಹಾಗಾಗಿ ಈ ಸಿನಿಮಾದಲ್ಲಿ ಕಾಣುವ ಗೋಡೆಗಳಲ್ಲಿ ಎಷ್ಟೋ ಈಗ ಹಾಗೆ ಇಲ್ಲ. ಜುರ್ಲಿನಿಗೆ ಅದು ಗೊತ್ತಿರಲು ಸಾಧ್ಯವಿರಲಿಲ್ಲ. ಆದರೆ ನಮಗೆ ಗೊತ್ತಲ್ವಾ? ಕ್ಯಾಮೆರಾ ಒಂದು ಗೋಡೆ ಮೇಲೆ ಸುಮ್ನೆ ನಿಂತಾಗ, ಕತೆಯಲ್ಲಿ ಏನೂ ನಡೆಯದಿದ್ದಾಗಲೂ, ಕಣ್ಣು ತೆಗೆಯಲು ಮನಸ್ಸಾಗುವುದಿಲ್ಲ.

ಆದರೆ ಇಲ್ಲೇ ನನ್ನ ಮೊದಲ ತಕರಾರು ಕೂಡ ಇದೆ. ಕಾದಂಬರಿಯ ಕೋಟೆ ಚೆಂದ ಇಲ್ಲ. ಬುಜ್ಜಾತಿ ಅದನ್ನು ಸ್ಪಷ್ಟವಾಗಿ ಬರೆದಿದ್ದಾರೆ. ತಗ್ಗು ಗೋಡೆ, ನೋಡಿದರೆ ಭಯವೂ ಇಲ್ಲ, ಬೆರಗೂ ಇಲ್ಲ. ಬುಜ್ಜಾತಿ ಬೆಟ್ಟ ಹತ್ತುವ ಹುಚ್ಚಿದ್ದ ಮನುಷ್ಯ, ಹುಟ್ಟಿದ್ದು ಡೊಲೊಮೈಟ್ ಪರ್ವತಗಳ ಹತ್ತಿರದ ಬೆಲ್ಲೂನೊ ಕಡೆ. ಅವರ ಕೋಟೆ ಇರುವುದು ಬೆಟ್ಟಗಳ ಸಂದಿಯಲ್ಲಿ, ಮಂಜಿನಲ್ಲಿ. ಅಂಥ ಸಪ್ಪೆ ಜಾಗದಲ್ಲೇ ಒಬ್ಬ ಹುಡುಗ ಯಾಕೆ ಅಂಟಿಕೊಂಡ ಅನ್ನುವುದು ಕಾದಂಬರಿಯ ಒಗಟು. ಸಿನಿಮಾದ ಕೋಟೆಯಲ್ಲಿ ಆ ಒಗಟು ಅರ್ಧ ಮಾಯವಾಗುತ್ತದೆ. ಅಷ್ಟು ಸುಂದರವಾದ ಜಾಗ ಬಿಟ್ಟು ಯಾರು ಹೋಗುತ್ತಾರೆ? ನಾನೇ ಆಗಿದ್ದರೂ ನಾಲ್ಕು ತಿಂಗಳು ಇರುತ್ತಿದ್ದೆ. ಚೆಂದ ಜಾಸ್ತಿ ಆದದ್ದೇ ತೊಂದರೆ ಆಯಿತು ಅಂತ ಒಂದು ಸಿನಿಮಾ ಬಗ್ಗೆ ಬರೆಯುವುದು ವಿಚಿತ್ರ, ಆದರೆ ಇಲ್ಲಿ ಅದೇ ನಿಜ.

ನಟರ ಪಟ್ಟಿ ನೋಡಿದರೆ ತಲೆ ತಿರುಗುತ್ತದೆ. ಡ್ರೋಗೊ ಆಗಿ ಫ್ರಾನ್ಸಿನ ಜಾಕ್ ಪೆರಾಂ, ಈ ಸಿನಿಮಾ ಆಗಲು ದುಡ್ಡು ಹೊಂದಿಸಿದ ನಿರ್ಮಾಪಕರಲ್ಲಿ ಅವರೂ ಒಬ್ಬರು. ಕೋಟೆಯ ದೊಡ್ಡ ಅಧಿಕಾರಿಯಾಗಿ ಇಟಲಿಯ ವಿತ್ತೋರಿಯೊ ಗಾಸ್ಮನ್. ಸ್ವೀಡನ್ನಿನಿಂದ ಮ್ಯಾಕ್ಸ್ ಫಾನ್ ಸಿಡೋವ್, ಸ್ಪೇನಿನಿಂದ ಫೆರ್ನಾಂದೊ ರೇ ಮತ್ತು ಫ್ರಾನ್ಸಿಸ್ಕೊ ರಬಾಲ್, ಜರ್ಮನಿಯಿಂದ ಹೆಲ್ಮುಟ್ ಗ್ರೀಮ್. ಡಾಕ್ಟರಾಗಿ ಜಾಂ-ಲೂಯಿ ತ್ರಾಂತಿನ್ಯಾ. ಎಲ್ಲರೂ ಅವರವರ ದೇಶದಲ್ಲಿ ಘಟಾನುಘಟಿಗಳು. ಇಟಲಿಯಲ್ಲಿ ಆಗ ಸಿನಿಮಾಕ್ಕೆ ಮಾತು ಆಮೇಲೆ ಸೇರಿಸುವುದೇ ರೂಢಿ, ಹಾಗಾಗಿ ಕೆಲವು ಕಡೆ ತುಟಿ ಒಂದು ಹೇಳುತ್ತದೆ, ಕಿವಿಗೆ ಇನ್ನೊಂದು ಬೀಳುತ್ತದೆ. ಡಬ್ಬಿಂಗ್ ಸಿನಿಮಾ ನೋಡಿ ಅಭ್ಯಾಸ ಇರುವ ನಮಗೆ ಇದೇನು ದೊಡ್ಡ ಮಾತಲ್ಲ.

ಇವರಲ್ಲಿ ನನಗೆ ಹಿಡಿಸಿದ್ದು ಜೂಲಿಯಾನೊ ಜೆಮ್ಮಾ. ಕೌಬಾಯ್ ಸಿನಿಮಾಗಳಲ್ಲಿ ನಗುತ್ತಾ ಗುಂಡು ಹಾರಿಸುತ್ತಿದ್ದ ಹೀರೋ. ಇಲ್ಲಿ ಮೇಜರ್ ಮಾಟಿಸ್. ನಗು ಅನ್ನುವುದೇ ಇಲ್ಲ. ರೂಲು ಅಂದರೆ ರೂಲು. ಹೊರಗೆ ಹೋದ ಒಬ್ಬ ಸಿಪಾಯಿ ಒಂದು ಬಿಳಿ ಕುದುರೆ ಹಿಡಿದುಕೊಂಡು ವಾಪಸ್ ಬರುತ್ತಾನೆ, ಆದರೆ ಆ ಹೊತ್ತಿನ ಪಾಸ್‌ವರ್ಡ್ ಅವನಿಗೆ ಗೊತ್ತಿಲ್ಲ. ಗೋಡೆ ಮೇಲೆ ನಿಂತವರಿಗೆ ಅವನ ಮುಖದ ಗುರುತಿದೆ. ಆದರೂ ಗುಂಡು ಹಾರಿಸುತ್ತಾರೆ. ಇಡೀ ಸಿನಿಮಾದಲ್ಲಿ ಎದೆ ಝಲ್ ಅನ್ನುವ ಜಾಗ ಇದೇ. ವೈರಿ ಬರದೇ ಇದ್ದಾಗ ಕೋಟೆ ತನ್ನವರನ್ನೇ ತಿನ್ನಲು ಶುರು ಮಾಡುತ್ತದೆ ಅನ್ನುವುದನ್ನು ಭಾಷಣ ಇಲ್ಲದೆ ತೋರಿಸಿದ್ದಾರೆ.

ಎನ್ನಿಯೊ ಮೊರಿಕೋನೆ ಸಂಗೀತ. ಅವರ ಕೌಬಾಯ್ ಸಿನಿಮಾಗಳ ಹಾಗೆ ಇಲ್ಲಿ ಸಿಳ್ಳೆ ಇಲ್ಲ, ಕುದುರೆ ಓಟದ ತಾಳ ಇಲ್ಲ. ಎಲ್ಲೋ ದೂರದಲ್ಲಿ ಕಹಳೆ, ಮತ್ತೆ ತುಂಬಾ ಹೊತ್ತು ಏನೂ ಇಲ್ಲ. ಅಷ್ಟು ಸಾಕು.

ಇನ್ನು ಈ ಸಿನಿಮಾವನ್ನು ನಾನು ಒಬ್ಬನೇ ನೋಡಲಿಲ್ಲ, ಅದನ್ನು ಹೇಳಲೇಬೇಕು. ನಮ್ಮ ಓಣಿಯಲ್ಲಿ ಒಬ್ಬರು ರಿಟೈರ್ಡ್ ಸುಬೇದಾರ್ ಇದ್ದಾರೆ, ನಾವೆಲ್ಲ ಕಾಕಾ ಅನ್ನುತ್ತೇವೆ. ಬೆಳಗಾವಿಯಲ್ಲಿ ಇದೇನು ವಿಶೇಷ ಅಲ್ಲ ಬಿಡಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಇಲ್ಲೇ ಇರುವುದರಿಂದ ಕ್ಯಾಂಪ್ ಕಡೆ ನಸುಕಿನಲ್ಲಿ ಹೋದರೆ ರಂಗರೂಟ್ ಹುಡುಗರು, ಅಂದರೆ ಹೊಸದಾಗಿ ಭರ್ತಿಯಾದವರು, ಓಡುವುದು ಕಾಣುತ್ತದೆ. ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಗೊಬ್ಬರು ಫೌಜಿ. ರೈಲ್ವೆ ಸ್ಟೇಷನ್ನಿನಲ್ಲಿ ಹೆಸರು, ನಂಬರು ಬರೆದ ಕಪ್ಪು ಕಬ್ಬಿಣದ ಟ್ರಂಕುಗಳನ್ನು ನೋಡುತ್ತಲೇ ನಾವು ದೊಡ್ಡವರಾದೆವು. ಮಿಲಿಟರಿ ಸಿನಿಮಾ ಅಂದಕೂಡಲೇ ಕಾಕಾ ಚಾದ ಕಪ್ಪು ಹಿಡಿದುಕೊಂಡು ಬಂದು ಕೂತರು. ಸಬ್‌ಟೈಟಲ್ ಓದಿ ಹೇಳುವ ಕೆಲಸ ನನ್ನದು.

ಅರ್ಧ ಗಂಟೆ ಏನೂ ಮಾತಾಡಲಿಲ್ಲ. ಆಮೇಲೆ ಶುರುವಾಯಿತು. "ತಮ್ಮಾ, ಇವ್ರಿಗೆ ಕೆಲಸಾನ ಇಲ್ಲೇನೋ? ಬರೇ ಊಟಾ ಮಾಡೂದು, ಗ್ವಾಡಿ ಮ್ಯಾಲ ಹೋಗಿ ನಿಂದ್ರೂದು."

ನೋಡಿ, ಇದು ಯಾವ ವಿಮರ್ಶೆಯಲ್ಲೂ ನನಗೆ ಸಿಗದ ಮಾತು. ಕಾಕಾ ಹೇಳಿದ ಮೇಲೆ ನಾನೂ ಗಮನಿಸಿದೆ. ಈ ಕೋಟೆಯಲ್ಲಿ ಅಧಿಕಾರಿಗಳ ಊಟದ ಟೇಬಲ್ಲು ಎಷ್ಟು ಸಲ ಬರುತ್ತದೆ! ಮೇಣದ ಬತ್ತಿ, ಬೆಳ್ಳಿ ಪಾತ್ರೆ, ಬಿಳಿ ಕೈಗವಸು, ಎದ್ದು ನಿಂತು ಗ್ಲಾಸು ಎತ್ತುವುದು. ಆ ಅಡಿಗೆ ಮಾಡಿದವನು ಯಾರು? ಆ ಮರಳುಗಾಡಿಗೆ ನೀರು ಎಲ್ಲಿಂದ ಬಂತು? ಸೌದೆ? ಕುದುರೆ ಮೇವು? ಸಿನಿಮಾಕ್ಕೆ ಅದರ ಚಿಂತೆ ಇಲ್ಲ. ಕಾಕಾ ಎತ್ತರದ ಪೋಸ್ಟ್‌ಗಳಲ್ಲಿ ಇದ್ದವರು. ಅವರ ಪ್ರಕಾರ ಪೋಸ್ಟ್ ಅಂದರೆ ದಿನವಿಡೀ ಕೆಲಸ. ಬುಖಾರಿಗೆ, ಅಂದರೆ ಚಳಿ ಕಾಯಿಸುವ ಒಲೆಗೆ, ಸೀಮೆಎಣ್ಣೆ ಹೊರಬೇಕು, ಹಿಮ ಕರಗಿಸಿ ನೀರು ಮಾಡಬೇಕು, ಹಾದಿ ಮೇಲಿನ ಹಿಮ ಸರಿಸಬೇಕು, ಬಂದೂಕು ಒರೆಸಬೇಕು, ಲಂಗರ್‌ನಲ್ಲಿ, ಅಂದರೆ ಅಡಿಗೆಮನೆಯಲ್ಲಿ, ಕೈಜೋಡಿಸಬೇಕು, ನಸುಕಿನಲ್ಲೂ ಮುಸ್ಸಂಜೆಯಲ್ಲೂ ಸ್ಟ್ಯಾಂಡ್-ಟು, ಅಂದರೆ ಎಲ್ಲರೂ ಬಂದೂಕು ಹಿಡಿದು ತಯಾರಾಗಿ ನಿಲ್ಲುವುದು. ಅಷ್ಟೆಲ್ಲ ಮಾಡಿ ಮಲಗಿದರೆ ಮತ್ತೆ ಸಂತ್ರಿ ಡ್ಯೂಟಿಗೆ ಎಬ್ಬಿಸುತ್ತಾರೆ. ಜೀವನದ ಅರ್ಥ ಏನು ಅಂತ ಕಿಟಕಿಯಿಂದ ನೋಡುತ್ತಾ ನಿಲ್ಲಲು ಟೈಮ್ ಎಲ್ಲಿದೆ?

"ಮತ್ತ ನೀವು ಯಾರ ಹಾದಿ ಕಾಯ್ತಿದ್ರಿ ಕಾಕಾ? ವೈರೀದಾ?" ಅಂದೆ.

"ವೈರಿ ಹಾದಿ ಯಾಂವ ಕಾಯ್ತಾನೋ? ಟಪಾಲಿನ ಹಾದಿ ಕಾಯ್ತಿದ್ವಿ. ಇಲ್ಲಾಂದ್ರ ರಜಾದ್ದು."

ಇಲ್ಲಿ ನನಗೆ ಸಿನಿಮಾದ ಬೇರು ಸಿಕ್ಕಿತು ಅನಿಸಿತು. ಈ ಕೋಟೆಯಲ್ಲಿ ಕಾಯುವುದು ಅಧಿಕಾರಿಗಳ ಕಾಯಿಲೆ. ದೊಡ್ಡ ಮನೆತನದ ಹುಡುಗರು, ಕೀರ್ತಿ ಬೇಕು, ಅದಕ್ಕೆ ಯುದ್ಧ ಬೇಕು, ಯುದ್ಧಕ್ಕೆ ವೈರಿ ಬೇಕು. ಹಾಗಾಗಿ ವೈರಿ ಬರಲಿ ದೇವರೇ ಅಂತ ಹಾರೈಸುತ್ತಾ ಕೂತಿದ್ದಾರೆ. ಹಿಂದಿನ ಸಾಲಿನಲ್ಲಿ ನಿಂತ ಸಿಪಾಯಿಗಳು ಏನು ಕಾಯುತ್ತಿದ್ದಾರೆ ಅಂತ ಜುರ್ಲಿನಿ ಕೇಳುವುದೇ ಇಲ್ಲ. ಅವರಿಗೆ ಊರಿದೆ, ಹೊಲ ಇದೆ, ಹೆಂಡತಿ ಇದ್ದಾಳೆ ಅನ್ನುವ ಸುಳಿವೂ ಸಿಗುವುದಿಲ್ಲ. ನಮ್ಮ ಕಡೆಯ ಫೌಜಿ ಮನೆಗಳಲ್ಲಿ ಕ್ಯಾಲೆಂಡರ್ ನಡೆಯುವುದೇ ರಜೆ ಮೇಲೆ. ಜವಾನರಿಗೆ ವರ್ಷಕ್ಕೆ 60 ದಿನ ಆ್ಯನುವಲ್, 30 ದಿನ ಕ್ಯಾಶುವಲ್. ತಂಗಿ ಮದುವೆ, ಮನೆ ಸ್ಲ್ಯಾಬು, ಕಬ್ಬಿನ ಕಟಾವು, ಊರ ಜಾತ್ರೆ, ಎಲ್ಲ ಅದರೊಳಗೆ ಕೂರಿಸಬೇಕು. ಮೊಬೈಲ್ ಬರುವ ಮುಂಚೆ ಇನ್‌ಲ್ಯಾಂಡ್ ಕಾಗದದ ಮೇಲೆ 56 ಎಪಿಒ ಅಂತ ಮಿಲಿಟರಿ ಅಂಚೆಯ ವಿಳಾಸ ಬರೆದರೆ ಮುಗಿಯಿತು, ಗಂಡ ಯಾವ ಬೆಟ್ಟದ ಮೇಲಿದ್ದಾನೆ ಅಂತ ಹೆಂಡತಿಗೂ ಗೊತ್ತಿಲ್ಲ. ಕಾಯುವ ಸಿನಿಮಾ ಅಂದರೆ ಅದು ಅಲ್ವಾ?

ಕಾದಂಬರಿಯಲ್ಲಿ ಇದರ ಒಂದು ಎಳೆ ಇದೆ. ಡ್ರೋಗೊ ನಾಲ್ಕು ವರ್ಷದ ಮೇಲೆ ರಜೆಯಲ್ಲಿ ಮನೆಗೆ ಬರುತ್ತಾನೆ. ಮೊದಲೆಲ್ಲ ಅವನು ರಾತ್ರಿ ಎಷ್ಟೇ ಮೆಲ್ಲಗೆ ಒಳಗೆ ಬಂದರೂ ತಾಯಿಗೆ ಎಚ್ಚರ ಆಗುತ್ತಿತ್ತು. ಈಗ ಅವನ ಹೆಜ್ಜೆ ಸಪ್ಪಳಕ್ಕೆ ಆಕೆ ಏಳುವುದಿಲ್ಲ. ಇಷ್ಟಪಟ್ಟಿದ್ದ ಹುಡುಗಿ ಎದುರಿಗೆ ಕೂತರೂ ಮಾತು ಹೊಂದುವುದಿಲ್ಲ. ಆ ಕೆಲವು ಪುಟ ಇಡೀ ಪುಸ್ತಕದ ಜೀವ. ಸಿನಿಮಾದಲ್ಲಿ ಆ ನೋವಿಗೆ ಅಷ್ಟು ಜಾಗ ಸಿಕ್ಕಿಲ್ಲ, ಜುರ್ಲಿನಿಗೆ ಕೋಟೆ ಬಿಟ್ಟು ಹೊರಗೆ ಬರಲು ಇಷ್ಟವೇ ಇಲ್ಲ. ಆ ಭಾಗ ನಾನು ಬಾಯಿಮಾತಲ್ಲಿ ಹೇಳಿದಾಗ ಕಾಕಾ ಟಿವಿಯಿಂದ ಮುಖ ತಿರುಗಿಸಿ ಕೇಳಿದರು. ರಜೆಗೆ ಬಂದ ಫೌಜಿಗೆ ಮೊದಲ ವಾರ ಮನೆಯಲ್ಲಿ ಅಳಿಯನ ಮರ್ಯಾದೆ, ಆಮೇಲೆ ಅವನು ಎಲ್ಲಿ ಕೂತರೂ ಯಾರಿಗೋ ಅಡ್ಡ ಅಂದರು. ಅವನಿಲ್ಲದೆ ನಡೆಯುವುದು ಮನೆಗೆ ರೂಢಿ ಆಗಿರುತ್ತದಲ್ಲ.

ಎರಡನೇ ತಕರಾರು ವಯಸ್ಸಿನದ್ದು. ಪುಸ್ತಕದಲ್ಲಿ ಒಂದು ಅಧ್ಯಾಯ ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಹದಿನೈದು ವರ್ಷ ಹಾರಿಹೋಗುತ್ತದೆ, ಓದುವವರಿಗೂ ಡ್ರೋಗೊಗೂ ಒಟ್ಟಿಗೇ ಗಾಬರಿ. ಕೊನೆಗೆ ಅವನಿಗೆ 54 ವರ್ಷ. ಸಿನಿಮಾದಲ್ಲಿ ಪೆರಾಂ ಮುಖ ಹೆಚ್ಚು ಬದಲಾಗುವುದಿಲ್ಲ. ಸ್ವಲ್ಪ ಬಿಳಿಚಿಕೊಳ್ಳುತ್ತಾರೆ, ಬೆವರುತ್ತಾರೆ, ಕೆಮ್ಮುತ್ತಾರೆ. ಇಡೀ ಆಯಸ್ಸು ಕಳೆದವರ ಹಾಗೆ ಕಾಣುವುದಿಲ್ಲ, ಜ್ವರ ಬಂದವರ ಹಾಗೆ ಕಾಣುತ್ತಾರೆ. ಕಾಲ ಹೋಗಿದ್ದು ಗೊತ್ತಾಗದೇ ಇರುವುದೇ ಕತೆಯ ಉದ್ದೇಶ ಅಂತ ವಾದ ಮಾಡಬಹುದು. ನನಗೆ ಒಪ್ಪಿಗೆ ಇಲ್ಲ. ಅವನಿಗೆ ಗೊತ್ತಾಗಬಾರದು, ನಮಗೆ ಗೊತ್ತಾಗಬೇಕು. ಅದಕ್ಕೆ ಹೋಲಿಸಿದರೆ ಫಾನ್ ಸಿಡೋವ್ ಗೆದ್ದಿದ್ದಾರೆ. ಆ ಉದ್ದ ಮುಖದಲ್ಲಿ ವರ್ಷಗಳು ಕೂತಿವೆ. ಕೋಟೆ ಬಿಟ್ಟು ಹೋಗಬೇಕಾದ ದಿನ ಬಂದಾಗ ಆ ಮನುಷ್ಯನಿಗೆ ಹೋಗಲು ಬೇರೆ ಜಾಗವೇ ಉಳಿದಿರುವುದಿಲ್ಲ. ಮುಂದೆ ಏನಾಗುತ್ತದೆ ಅಂತ ಇದೊಂದನ್ನು ನಾನು ಹೇಳುವುದಿಲ್ಲ.

ಹಿಮದ ಭಾಗದಲ್ಲಿ ಮಾತ್ರ ಕಾಕಾ ಸುಮ್ಮನಾದರು. ಲೋರಾಂ ತೆರ್ಜಿಯೆಫ್ ಮಾಡಿದ ಅಧಿಕಾರಿ ಕಾಯಿಲೆ ಇದ್ದರೂ ಜಂಬ ಬಿಡದೆ ಬೆಟ್ಟ ಹತ್ತಿ, ಚಳಿಯಲ್ಲೇ ಪ್ರಾಣ ಬಿಡುತ್ತಾನೆ. ಯಾರೂ ಕೊಲ್ಲಲಿಲ್ಲ, ಚಳಿ ಕೊಂದಿತು. ಸಿಯಾಚಿನ್‌ನಲ್ಲಿ 1984ರಿಂದ ನಮ್ಮವರು ನಿಂತಿದ್ದಾರೆ. 2003ರ ನವೆಂಬರ್‌ನಿಂದ ಅಲ್ಲಿ ಗುಂಡು ನಿಂತಿತು, ಹಿಮ ಕುಸಿಯುವುದು ನಿಲ್ಲಲಿಲ್ಲ. ಅಲ್ಲಿ ಗುಂಡಿಗಿಂತ ಹವಾಮಾನಕ್ಕೇ ಹೆಚ್ಚು ಜನ ಬಲಿಯಾಗಿದ್ದಾರೆ. ಆ ದೃಶ್ಯದಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ ಅಂದರು ಕಾಕಾ. ಕೋಟು ಮಾತ್ರ ತೀರಾ ತೆಳ್ಳಗಿದೆಯಂತೆ.

ಆದರೆ ಕೊನೆಗೆ ಅವರು ಕತೆಯನ್ನೇ ಒಪ್ಪಲಿಲ್ಲ. ಡ್ರೋಗೊನ ಬದುಕು ವ್ಯರ್ಥವಾಯಿತು ಅನ್ನುವ ಹಾಗೆ ಸಿನಿಮಾ ಮುಗಿಯುತ್ತದಲ್ಲ, ಅದು ಅವರಿಗೆ ಹಿಡಿಸಲಿಲ್ಲ. "ಏನೂ ಆಗ್ಲಿಲ್ಲಂದ್ರ ನಮ್ಮ ಡ್ಯೂಟಿ ಬರೋಬ್ಬರಿ ಆತು ಅಂತ ಅರ್ಥ. ಆಂವ ಯಾಕ ಅಳ್ತಾನ?" ಅಂತ ಕೇಳಿದರು. ನಾನು ಇದು ಸಂಕೇತ, ಕೋಟೆ ಅಂದರೆ ಬದುಕು, ವೈರಿ ಅಂದರೆ ಸಾವು ಅಂತೆಲ್ಲ ಹೇಳಲು ಹೋದೆ. ಅವರು ಕಾರ್ಗಿಲ್ ತೆಗೆದರು. ಅಲ್ಲಿನ ಎತ್ತರದ ಎಷ್ಟೋ ಪೋಸ್ಟ್‌ಗಳನ್ನು ಚಳಿಗಾಲದಲ್ಲಿ ಎರಡೂ ಕಡೆಯವರು ಖಾಲಿ ಮಾಡಿ ಕೆಳಗಿಳಿಯುವ ಪದ್ಧತಿ ಇತ್ತು. 1999ರಲ್ಲಿ ಕಾಯುವವರು ಇಲ್ಲದ ಹೊತ್ತಿನಲ್ಲೇ ಆ ಕಡೆಯವರು ಬಂದು ಕೂತರು. ಅವರನ್ನು ಇಳಿಸಲು 500ಕ್ಕೂ ಹೆಚ್ಚು ಜೀವ ಹೋಯಿತು. ಇದಾದ ಮೇಲೆ ಸಂಕೇತದ ಬಗ್ಗೆ ನನ್ನ ಭಾಷಣ ಮುಂದುವರಿಯಲಿಲ್ಲ.

ಹಾಗಂತ ಬುಜ್ಜಾತಿ ತಪ್ಪು ಅಂತ ನಾನು ಹೇಳುವುದಿಲ್ಲ. ಅದಕ್ಕೇ ಶುರುವಿನಲ್ಲಿ ಪತ್ರಿಕೆ ಆಫೀಸಿನ ಮಾತು ತೆಗೆದದ್ದು. ಈ ಕತೆಯನ್ನು ಫೌಜಿಗಳ ಕತೆ ಅಂತ ನೋಡಿದರೆ ಅರ್ಧ ಸುಳ್ಳು. ಪ್ರಮೋಶನ್ ಬರುತ್ತದೆ, ಸಾಹೇಬರು ಗುರುತಿಸುತ್ತಾರೆ, ಮುಂದಿನ ವರ್ಷದಿಂದ ನಿಜವಾದ ಜೀವನ ಶುರು ಅಂತ ಒಂದೇ ಕುರ್ಚಿಯಲ್ಲಿ ಕೂದಲು ಬಿಳಿ ಮಾಡಿಕೊಂಡವರ ಕತೆ ಅಂತ ನೋಡಿದರೆ ಪೂರಾ ನಿಜ. ಜುರ್ಲಿನಿ ಇದನ್ನು ಮಿಲಿಟರಿಯವರ ಕತೆಯಾಗಿಯೇ ತುಂಬಾ ಶ್ರದ್ಧೆಯಿಂದ ತೆಗೆದರು. ಗುಂಡಿ, ಪಟ್ಟಿ, ಸೆಲ್ಯೂಟು ಎಲ್ಲ ಅಚ್ಚುಕಟ್ಟು. ಆ ಅಚ್ಚುಕಟ್ಟಿನಲ್ಲಿ ರಾತ್ರಿ ಪಾಳಿಯ ಗುಮಾಸ್ತ ಕಳೆದುಹೋದ. ಪುಸ್ತಕ ಓದುವಾಗ ನನಗೆ ನನ್ನ ಭಯ ಆಯಿತು. ಸಿನಿಮಾ ನೋಡುವಾಗ ಡ್ರೋಗೊ ಬಗ್ಗೆ ಕನಿಕರ ಆಯಿತು, ಅಷ್ಟೇ.

ಇಷ್ಟೆಲ್ಲ ತಕರಾರು ಹೇಳಿಯೂ ನೋಡಿ ಅಂತಲೇ ಹೇಳುತ್ತೇನೆ. ಐದಕ್ಕೆ ಮೂರೂವರೆ. ಅದರಲ್ಲಿ ಎರಡು ಬಮ್ ಕೋಟೆಗೆ, ಒಂದು ಮಾಟಿಸ್‌ಗೂ ಬಿಳಿ ಕುದುರೆಗೂ ಸೇರಿ, ಉಳಿದ ಅರ್ಧ ಮೊರಿಕೋನೆಗೆ. ಮೊಬೈಲ್‌ನಲ್ಲಿ ಮಾತ್ರ ಬೇಡ, ದೂರದಲ್ಲಿ ಕಾಣುವ ಚುಕ್ಕಿ ಕುದುರೆಯೋ ಧೂಳೋ ಅಂತ ಅವರ ಜೊತೆ ನಾವೂ ಕಣ್ಣು ಕಿರಿದು ಮಾಡಬೇಕು, ಅದಕ್ಕೆ ದೊಡ್ಡ ಪರದೆಯೇ ಬೇಕು. ಹಳೇ ಮಸುಕು ಪ್ರಿಂಟ್ ಸಿಕ್ಕರೆ ಬಿಟ್ಟುಬಿಡಿ, ಬಣ್ಣ ಸರಿಪಡಿಸಿದ್ದು ಸಿಗುವವರೆಗೆ ತಡೆಯಿರಿ. ಊಟ ಆದ ಕೂಡಲೇ ಹಾಕಬೇಡಿ, ಮೊದಲ ಅರ್ಧ ಗಂಟೆಯಲ್ಲೇ ನಿದ್ದೆ ಗ್ಯಾರಂಟಿ. ಪುಸ್ತಕ, ಸಿನಿಮಾ ಎರಡೂ ಕೈಗೆ ಸಿಗುವ ಹಾಗಿದ್ದರೆ ಸಿನಿಮಾ ಮೊದಲು ಮುಗಿಸಿಕೊಳ್ಳಿ. ಓಣಿಯಲ್ಲಿ ಯಾರಾದರೂ ರಿಟೈರ್ಡ್ ಫೌಜಿ ಇದ್ದರೆ ಅವರನ್ನೂ ಕರೆಯಿರಿ, ಆದರೆ ಸಬ್‌ಟೈಟಲ್ ಓದಿ ಹೇಳುವ ತಾಳ್ಮೆ ಇದ್ದರೆ ಮಾತ್ರ.